ಚಪ್ಪರದ ಕೆಳಗೆ ಹಿಮಾಲಯದ ನಕ್ಷೆ



ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಶಿರಸಿ–ಸಿದ್ದಾಪುರ ಸೀಮೆಯ ಮನೆಗಳಿಗೆ ಬೆಂಗಳೂರು, ಪುಣೆ, ಹೈದರಾಬಾದಿನಿಂದ ಮಕ್ಕಳು ಬರುತ್ತಾರೆ. ಹಾಗೆ ಬಂದವರಲ್ಲಿ ಹಲವರ ಮನಸ್ಸು ಎರಡು ಕಡೆ ಎಳೆಯುತ್ತಿರುತ್ತದೆ. ಜಗುಲಿಯ ಮೇಲೆ ಕಾಲು ಚಾಚಿ, ಅಪ್ಪೆಹುಳಿ ಕುಡಿದು, ಮಧ್ಯಾಹ್ನ ಒಂದು ನಿದ್ದೆ ತೆಗೆಯಬೇಕು ಅನಿಸುತ್ತದೆ. ಬೆನ್ನಿಗೆ ಚೀಲ ಏರಿಸಿಕೊಂಡು ಎಲ್ಲಾದರೂ ದೂರದ ಬೆಟ್ಟದಲ್ಲಿ ನಾಲ್ಕು ದಿನ ನಡೆಯಬೇಕು ಎಂದೂ ಅನಿಸುತ್ತದೆ. ರಜೆ ಇರುವುದು ಇಷ್ಟೇ. ಹಾಗಾಗಿ ಕೆಲವರು ಮನೆಗೆ ಎರಡು ದಿನ ಮುಖ ತೋರಿಸಿ ಓಡುತ್ತಾರೆ, ಕೆಲವರು ಬೆಟ್ಟದ ಆಸೆಯನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ.

ಇವೆರಡೂ ಒಂದಕ್ಕೊಂದು ಅಡ್ಡ ಬರಬೇಕಾಗಿಲ್ಲ. ದೂರದ ನಡಿಗೆಗೆ ಸಜ್ಜಾಗಲು ಮಲೆನಾಡಿನ ಬೇಸಿಗೆ ಮನೆಗಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಏಕೆಂದರೆ ಆ ದಿನಗಳಲ್ಲಿ ಮನೆಗೆ ಮನೆಯೇ ಒಂದು ಸಿದ್ಧತೆಯಲ್ಲಿ ತೊಡಗಿರುತ್ತದೆ. ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ. ಹಿಡಿದರೆ ನಾಲ್ಕು ತಿಂಗಳು ಬಿಡುವುದಿಲ್ಲ. ಹಿಂದೆ ಸಂಕ ಮುಳುಗಿ, ದಾರಿ ಕಡಿದು, ವಾರಗಟ್ಟಲೆ ಪೇಟೆಯ ಮುಖ ಕಾಣದ ಮನೆಗಳಿದ್ದವು. ಅದಕ್ಕಾಗಿ ಕಟ್ಟಿಗೆ ಎಷ್ಟು, ಉಪ್ಪು ಎಷ್ಟು, ದನಕ್ಕೆ ಹುಲ್ಲು ಎಷ್ಟು, ಬೆಳಕಿಗೆ ಎಣ್ಣೆ ಎಷ್ಟು ಎಂದು ಬೇಸಿಗೆಯಲ್ಲೇ ಲೆಕ್ಕ ಹಾಕಿ ಕೂಡಿಡುತ್ತಿದ್ದರು. ಅಂಗಡಿ ಇಲ್ಲದ ಕಡೆ ಯಾವುದು ಬೇಕು, ಎಷ್ಟಿದ್ದರೆ ಸಾಕು, ಯಾವುದು ಕೆಡುವುದಿಲ್ಲ ಎಂಬ ತಿಳಿವಳಿಕೆ ಅದು. ಬೆನ್ನುಚೀಲ ಕಟ್ಟುವವನಿಗೆ ಬೇಕಾದುದೂ ಅದೇ. ನಮ್ಮ ಆಯಿ, ಅಜ್ಜಿಯರ ಬಳಿ ಈ ವಿದ್ಯೆ ಇನ್ನೂ ಇದೆ. ನಾವು ಅದನ್ನು ದುಬಾರಿ ಅಂಗಡಿಗಳಲ್ಲಿ, ಪರದೇಶದ ವಿಡಿಯೋಗಳಲ್ಲಿ ಹುಡುಕುತ್ತೇವೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಎಲ್ಲಿಗೆ ಹೋಗುವುದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಘಟ್ಟದ ಚಾರಣಕ್ಕೆ ಒಳ್ಳೆಯ ಕಾಲ ಅಕ್ಟೋಬರಿನಿಂದ ಫೆಬ್ರವರಿ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಇರುವುದರಿಂದ ಅರಣ್ಯ ಇಲಾಖೆ ಅನೇಕ ಹಾದಿಗಳನ್ನು ಮುಚ್ಚುತ್ತದೆ, ಮುಚ್ಚುವುದೂ ಸರಿಯೇ. ಆದರೆ ಮೇ ತಿಂಗಳಲ್ಲಿ ಹಿಮಾಲಯದ ನಡು ಎತ್ತರದ ಕಣಿವೆಗಳಲ್ಲಿ ಹಿಮ ಕರಗಿ ದಾರಿ ತೆರೆದುಕೊಳ್ಳುತ್ತದೆ. ಅಂಥವುಗಳಲ್ಲಿ ನಾನು ಮೊದಲ ಸಲ ಹೊರಡುವವರಿಗೆ ಹೇಳುವುದು ಉತ್ತರಾಖಂಡದ ಹರ್ ಕಿ ದೂನ್ ಕಣಿವೆಯನ್ನು. ಉತ್ತರಕಾಶಿ ಜಿಲ್ಲೆಯ ಪಶ್ಚಿಮ ಮೂಲೆಯಲ್ಲಿ, ಗೋವಿಂದ ಪಶು ವಿಹಾರ ರಾಷ್ಟ್ರೀಯ ಉದ್ಯಾನದ ಒಳಗೆ, ಸುಮಾರು 3,500 ಮೀಟರ್ ಎತ್ತರದಲ್ಲಿರುವ ಹುಲ್ಲುಗಾವಲು ಅದು. ಎದುರಿಗೆ 6,252 ಮೀಟರಿನ ಸ್ವರ್ಗಾರೋಹಿಣಿ. ಪಾಂಡವರು ಸ್ವರ್ಗಕ್ಕೆ ಏರಿದ್ದು ಇದೇ ದಾರಿಯಲ್ಲಿ ಎಂದು ಅಲ್ಲಿಯ ಜನ ನಂಬುತ್ತಾರೆ. ಕುಮಾರವ್ಯಾಸನನ್ನು ಕೇಳುತ್ತ ಬೆಳೆದ ನಮಗೆ ಆ ಶಿಖರದ ಹೆಸರೇ ಕಾಲನ್ನು ಎಳೆಯುತ್ತದೆ.

ಈ ಕಣಿವೆಯನ್ನೇ ಹೇಳಲು ಇನ್ನೊಂದು ಕಾರಣವಿದೆ. ಅದು ಬರೀ ಕಾಡು, ಹಿಮ, ನೋಟಗಳ ದಾರಿಯಲ್ಲ. ಜನ ಬಾಳುವ ಹಳ್ಳಿಗಳ ನಡುವೆ ಹಾಯುವ ದಾರಿ. ಗಂಗಾಡ್, ಓಸ್ಲಾ ಎಂಬ ಊರುಗಳಲ್ಲಿ ದೇವದಾರು ಮರದಲ್ಲಿ ಕಟ್ಟಿದ ಮನೆಗಳಿವೆ. ಕೆಳ ಅಂತಸ್ತಿನಲ್ಲಿ ಕೊಟ್ಟಿಗೆ, ಮೇಲೆ ಮನೆ, ಕಾಳು ಕೂಡಿಡಲು ಮರದ ಕಣಜ. ನಮ್ಮವರು ಮಳೆಗಾಲಕ್ಕೆ ಕೂಡಿಟ್ಟರೆ ಅವರು ಹಿಮ ಬೀಳುವ ತಿಂಗಳುಗಳಿಗೆ ಕೂಡಿಡುತ್ತಾರೆ. ಹುಲ್ಲು, ಕಟ್ಟಿಗೆ, ರಾಜ್ಮಾ, ರಾಜಗಿರ ಎಲ್ಲವೂ ಚಳಿ ಬರುವ ಮೊದಲು ಮನೆ ಸೇರಬೇಕು. ಸ್ವಂತ ಮನೆಯ ಅಟ್ಟದ ಮೇಲೆ ಏನಿದೆ ಎಂದು ಬಲ್ಲವನಿಗೆ ಓಸ್ಲಾದ ಮನೆ ಅರ್ಥವಾಗುತ್ತದೆ. ಗೊತ್ತಿಲ್ಲದವನು ಅದರ ಪಟ ತೆಗೆದುಕೊಂಡು ಮುಂದೆ ಹೋಗುತ್ತಾನೆ.

ಇನ್ನು ದಿನದ ಲೆಕ್ಕ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಮೇ 15ಕ್ಕೆ ಹೊರಡುವವರಿಗೆ ಮಾರ್ಚ್ 16ರಂದು ಬೆಳಿಗ್ಗೆ 8 ಗಂಟೆಗೆ ಟಿಕೆಟ್ ತೆರೆಯುತ್ತದೆ. ಹೆಚ್ಚುಕಡಿಮೆ ಯುಗಾದಿಯ ಹೊತ್ತು ಅದು. ಬೇಸಿಗೆ ರಜೆಯ ದೆಹಲಿ ಗಾಡಿಗಳು ಬೇಗ ತುಂಬುತ್ತವೆ, ಆದ್ದರಿಂದ ಹಬ್ಬದ ಗಡಿಬಿಡಿಯಲ್ಲೂ ಆ ದಿನವನ್ನು ಮರೆಯಬೇಡಿ. ನಮ್ಮ ಕಡೆಯಿಂದ ಹುಬ್ಬಳ್ಳಿಗೆ ಹೋಗಿ ಕರ್ನಾಟಕ ಸಂಪರ್ಕ ಕ್ರಾಂತಿ ಹಿಡಿಯಬಹುದು, ಘಟ್ಟ ಇಳಿದು ಕಾರವಾರದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಬಹುದು. ಎರಡೂ ದೆಹಲಿಯ ನಿಜಾಮುದ್ದೀನ್ ತಲುಪುತ್ತವೆ. ದೆಹಲಿಯಿಂದ ಡೆಹ್ರಾಡೂನಿಗೆ ರಾತ್ರಿಯ ಗಾಡಿ ಉಂಟು, ಬೆಳಗಿನ ಶತಾಬ್ದಿಯೂ ಉಂಟು. ಡೆಹ್ರಾಡೂನಿನಿಂದ ಮಸ್ಸೂರಿ, ಪುರೋಲಾ, ಮೋರಿ, ನೈತ್ವಾರ್ ದಾಟಿ ಸಾಂಕ್ರಿ ಎಂಬ ಕೊನೆಯ ದೊಡ್ಡ ಊರಿಗೆ ಇಡೀ ಹಗಲಿನ ಬಸ್ ಪ್ರಯಾಣ. ಉದ್ಯಾನದ ಪ್ರವೇಶ ಪರವಾನಗಿಯನ್ನು ನೈತ್ವಾರಿನ ಅರಣ್ಯ ಠಾಣೆಯಲ್ಲಿ ಪಡೆಯಬೇಕು. ಗುರುತಿನ ಚೀಟಿಯ ನಕಲು ಒಂದೆರಡು ಕೈಯಲ್ಲಿರಲಿ. ಮೋರಿ ದಾಟಿದ ಮೇಲೆ ಎಟಿಎಂ, ಮೊಬೈಲ್ ಸಿಗ್ನಲ್ ಎರಡನ್ನೂ ನೆಚ್ಚಬೇಡಿ. ನಗದು ಇಟ್ಟುಕೊಳ್ಳಿ.

ಹೋಗಿ ಬರುವುದಕ್ಕೇ ಎಂಟು ದಿನ ಹಿಡಿಯುತ್ತದೆ. ನಡಿಗೆಗೆ ಐದು ದಿನ, ಮೇಲೆ ಒಂದೆರಡು ದಿನ ಕೈಯಲ್ಲಿ. ಈ ಕೊನೆಯ ಒಂದೆರಡು ದಿನವನ್ನು ಉಳಿಸಲು ಹೋಗಬೇಡಿ. ದರೆ ಕುಸಿದು ರಸ್ತೆ ನಿಲ್ಲುವುದು, ತಲೆನೋವು ಬಂದು ಒಂದು ದಿನ ಮಲಗಬೇಕಾಗುವುದು ಅಲ್ಲಿ ಸಾಮಾನ್ಯ. ಕೈಯಲ್ಲಿ ದಿನವಿಲ್ಲದವನು ಅವಸರ ಮಾಡುತ್ತಾನೆ, ಎತ್ತರದಲ್ಲಿ ಅವಸರ ಅಪಾಯ. ಮೇ ಕೊನೆಯ ದಿನಗಳಲ್ಲಿ ಮನೆಗೆ ಮರಳಿದರೆ ಮಳೆ ಹಿಡಿಯುವ ಮುನ್ನ ಹಿರಿಯರಿಗೆ ಕೈ ಜೋಡಿಸಲು ಸಮಯ ಸಿಗುತ್ತದೆ. ಕಟ್ಟಿಗೆ ಮನೆಯ ಹಂಚು ಸರಿಮಾಡುವುದು, ತೋಟದ ಕಾಲುವೆ ಬಿಡಿಸುವುದು, ಮಳೆ ಬಡಿಯುವ ಕಡೆಯ ಗೋಡೆಗೆ ತಟ್ಟಿ ಕಟ್ಟುವುದು ಎಲ್ಲ ಆಗಲೇ ಇರುತ್ತವೆ.

ಹಾಗಾದರೆ ಹೊರಡುವ ಮೊದಲಿನ ತಿಂಗಳು? ಆ ತಿಂಗಳನ್ನು ಮನೆಯಲ್ಲಿ ಕಳೆಯಿರಿ. ಮಾವು, ಹಲಸು, ಮುರುಗಲು ಮೂರೂ ಒಂದರ ಹಿಂದೊಂದು ಬರುವ ಕಾಲ. ಅಂಗಳಕ್ಕೆ ಅಡಿಕೆ ದಬ್ಬೆಯ ಚಪ್ಪರ ಹಾಕಿರುತ್ತಾರೆ. ಅಡಿಕೆ ಕೊಯಿಲು ಮುಗಿದು ತೋಟಕ್ಕೆ ಸ್ವಲ್ಪ ಬಿಡುವು. ಸಂಜೆ ಯಾವುದಾದರೂ ಊರಿನಲ್ಲಿ ಯಕ್ಷಗಾನ ಇದ್ದೇ ಇರುತ್ತದೆ. ಬಿಸಿಲಿನಲ್ಲಿ ಬಂದವರಿಗೆ ಮೊದಲು ಕೇಳುವುದು ಆಸ್ರಿಗೆ ಬೇಕಾ ಎಂದು. ಬೆಲ್ಲ ನೀರೋ, ಮಜ್ಜಿಗೆಯೋ, ಮುರುಗಲ ಪಾನಕವೋ, ಎಳ್ಳಿನ ಪಾನಕವೋ ಬರುತ್ತದೆ. ಒಂದೆಲಗದ ತಂಬುಳಿ, ಮಾವಿನಕಾಯಿ ಬೇಯಿಸಿ ಹಿಚುಕಿ ಇಂಗಿನ ಒಗ್ಗರಣೆ ಕೊಟ್ಟ ಅಪ್ಪೆಹುಳಿ, ಮಧ್ಯಾಹ್ನದ ಊಟ ಆದ ಮೇಲೆ ಒಂದು ಕವಳ. ಇದನ್ನು ಬಿಟ್ಟು ಓಡುವವರು ಏನನ್ನು ಬಿಟ್ಟು ಹೋಗುತ್ತಿದ್ದಾರೆ ಎಂದು ಯೋಚಿಸಬೇಕು.

ಹಪ್ಪಳ ಮಾಡುವ ದಿನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಚೀಲದ ಪಾಠ ಅಲ್ಲಿಯೇ ಶುರುವಾಗುವುದು. ಹಣ್ಣಾಗದ, ಆದರೆ ಚೆನ್ನಾಗಿ ಬಲಿತ ಹಲಸಿನಕಾಯಿ ಬೇಕು. ಬಕ್ಕೆಯಾದರೆ ಒಳ್ಳೆಯದು. ಮೇಣ ಅಂಟದಂತೆ ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರಿ ಕಾಯಿ ಕೊಯ್ಯುತ್ತಾರೆ. ಸೊಳೆ ಬಿಡಿಸಿ, ಬೇಳೆ ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಒರಳಿಗೆ ಹಾಕಿ ಒನಕೆಯಲ್ಲಿ ಗುದ್ದುತ್ತಾರೆ. ಉಪ್ಪು, ಮೆಣಸು, ಕೊತ್ತಂಬರಿ, ಜೀರಿಗೆ, ಇಂಗು ಸೇರುತ್ತವೆ. ಹಿಟ್ಟು ನುಣ್ಣಗಾಗುವ ತನಕ ಒನಕೆ ನಿಲ್ಲುವುದಿಲ್ಲ. ಉಂಡೆ ಕಟ್ಟುವಾಗ ಮಕ್ಕಳು ಒಂದೊಂದು ಉಂಡೆ ಹಾರಿಸಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ತಿನ್ನುತ್ತಾರೆ, ಅದನ್ನು ಯಾರೂ ತಡೆಯುವುದಿಲ್ಲ. ಆಮೇಲೆ ಮಣೆಯ ಮೇಲೆ ಒತ್ತಿ ಚಾಪೆಗೆ ಹಾಕುವುದು. ಅಕ್ಕಪಕ್ಕದ ಮನೆಯ ಹೆಂಗಸರು ಮುಯ್ಯಾಳಾಗಿ ಬಂದಿರುತ್ತಾರೆ, ಇಂದು ಇಲ್ಲಿ, ನಾಳೆ ಅವರ ಮನೆಯಲ್ಲಿ. ಎಲ್ಲರೂ ಸೇರಿ ಒತ್ತುವಾಗ ಊರಿನ ಸುದ್ದಿಯೆಲ್ಲ ಒಮ್ಮೆ ಹಾದುಹೋಗುತ್ತದೆ.

ಹಲಸಿನ ಸೊಳೆಯಲ್ಲಿ ಹೆಚ್ಚಿನ ಪಾಲು ನೀರು. ಬಿಸಿಲು ಆ ನೀರನ್ನು ತೆಗೆಯುತ್ತದೆ. ಉಳಿಯುವುದು ತಿನ್ನುವ ಸತ್ವ, ಅದೂ ಎರಡು ಬೆರಳಿನಲ್ಲಿ ಎತ್ತುವಷ್ಟು ಹಗುರ. ಚೆನ್ನಾಗಿ ಒಣಗಿದ ಹಪ್ಪಳವನ್ನು ಮುರಿದರೆ ಚಟ್ ಎಂದು ಸದ್ದಾಗಬೇಕು. ಬಾಗಿದರೆ ಇನ್ನೊಂದು ಬಿಸಿಲು ಬೇಕೆಂದು ಅರ್ಥ, ಇಲ್ಲವಾದರೆ ಆಷಾಢದಲ್ಲಿ ಬೂಸಲು. ಎಷ್ಟೋ ದುಡ್ಡು ಕೊಟ್ಟು ಚಾರಣಿಗರು ಕೊಳ್ಳುವ ಒಣ ಆಹಾರದ ಪೊಟ್ಟಣಗಳ ತತ್ವ ಇಷ್ಟೇ: ನೀರನ್ನು ಮನೆಯಲ್ಲೇ ಬಿಡು, ಸತ್ವವನ್ನು ಹೊತ್ತು ನಡೆ. ಮಾವಿನ ಹಣ್ಣಿನ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಎರೆದು ಒಣಗಿಸಿದ ಮಾಂಬಳ ನಡಿಗೆಯ ಹೊತ್ತಿಗೆ ಒಳ್ಳೆಯ ಸಿಹಿ. ಬಿಸಿಲಿಗೆ ಕೆಡುವುದಿಲ್ಲ, ಅಂಗೈಯಗಲದ ಒಂದು ತುಂಡು ಇದ್ದರೆ ಗಂಟೆಗಟ್ಟಲೆ ಬಾಯಿಯಲ್ಲಿ ಆಡಿಸಬಹುದು.

ಬೆಟ್ಟದಲ್ಲಿ ಏನು ತಿನ್ನುವುದು ಎಂಬುದಕ್ಕೆ ಇನ್ನೊಂದು ಲೆಕ್ಕವೂ ಇದೆ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮೇಲೆ ಹೋದಂತೆ, ಸರಿಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ, ಆ ಮಟ್ಟ ಇಳಿಯುತ್ತದೆ. ಹರ್ ಕಿ ದೂನಿನ ಎತ್ತರದಲ್ಲಿ ನೀರು ಕುದಿಯುವುದು 88 ಡಿಗ್ರಿಯ ಆಸುಪಾಸಿನಲ್ಲಿ. ಕುದಿಯುತ್ತಿದೆ ಎಂದು ಕಾಣುತ್ತದೆ, ಆದರೆ ಬೇಳೆ ಬೇಯುವುದಿಲ್ಲ, ಅಕ್ಕಿ ನಡುವೆ ಗಟ್ಟಿ ಉಳಿಯುತ್ತದೆ. ಕುಕ್ಕರ್ ಹೊತ್ತು ನಡೆಯುವವರು ಕಡಿಮೆ. ಆದ್ದರಿಂದ ಮೊದಲೇ ಬೆಂದದ್ದು, ಹುರಿದದ್ದು, ನೆನೆದರೆ ಸಾಕಾಗುವುದು ಬೇಕು. ಅಂದರೆ ಅವಲಕ್ಕಿ, ಅರಳು, ಹುರಿಹಿಟ್ಟು. ರಾಗಿಯನ್ನೋ ಗೋಧಿಯನ್ನೋ ಹದವಾಗಿ ಹುರಿದು ಬೀಸಿ, ಬೆಲ್ಲದ ಪುಡಿ, ತುಪ್ಪ, ಏಲಕ್ಕಿ ಕಲಸಿ ಡಬ್ಬಿಗೆ ತುಂಬಿದರೆ ಬಿಸಿನೀರಿಗೆ ಹಾಕಿ ಕಲಕಿದ ಕ್ಷಣ ಊಟ. ತುಪ್ಪದ ಒಂದು ಗ್ರಾಮಿನಲ್ಲಿ 9 ಕ್ಯಾಲೊರಿ ಇದೆ, ಹಿಟ್ಟು, ಬೆಲ್ಲದಲ್ಲಿ 4. ಹೊರುವ ತೂಕಕ್ಕೆ ಹೆಚ್ಚು ಶಕ್ತಿ ಬೇಕೆಂದರೆ ಜಿಡ್ಡು ಬೇಕು. ಶೇಂಗಾ, ಕೊಬ್ಬರಿ, ಎಳ್ಳುಂಡೆ ಅದಕ್ಕಾಗಿಯೇ.

ಉಪ್ಪಿನಕಾಯಿಯನ್ನು ಮರೆಯುವಂತಿಲ್ಲ. ಎತ್ತರ ಹೆಚ್ಚಿದಂತೆ ಹಸಿವು ಕುಂದುತ್ತದೆ, ಅದು ದೇಹದ ಸಹಜ ಧರ್ಮ. ತಿನ್ನದೆ ನಡೆದರೆ ಮರುದಿನ ಕಾಲು ಸೋಲುತ್ತದೆ. ನನ್ನ ಆಯಿ ಇದನ್ನು ಹಿಮಾಲಯ ನೋಡದೆಯೇ ಹೇಳಿದ್ದಳು: "ತಮಾ, ಬಾಯಿಗೆ ರುಚಿ ಇಲ್ದೇ ಹೋದ್ರೆ ಕಾಲು ಏಳ್ತಿಲ್ಲೆ." ತೊಟ್ಟಿನ ಸಮೇತ ಕೊಯ್ದು ಉಪ್ಪಿನಲ್ಲಿ ಸುಕ್ಕಿಸಿದ ಅಪ್ಪೆಮಿಡಿಯ ಒಂದೆರಡು ಮಿಡಿಯನ್ನು ಹೆಚ್ಚು ರಸವಿಲ್ಲದೆ ಸಣ್ಣ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಕೊಂಡರೆ ಸಪ್ಪೆ ಆಲೂಗಡ್ಡೆಯೂ ಇಳಿಯುತ್ತದೆ. ಒಣಗಿಸಿದ ಮುರುಗಲ ಸಿಪ್ಪೆ ಒಂದು ಹಿಡಿ ಇರಲಿ. ಬಿಸಿನೀರಿಗೆ ಹಾಕಿ, ಚೂರು ಉಪ್ಪು, ಬೆಲ್ಲ ಸೇರಿಸಿದರೆ ಬೆವರಿ ಕಳೆದ ಉಪ್ಪು ನೀರು ಎರಡೂ ಮರಳಿ ಬರುತ್ತವೆ. ಮುರುಗಲ ಬೀಜದಿಂದ ತೆಗೆದ ತುಪ್ಪದ ಒಂದು ಗಟ್ಟಿಯನ್ನೂ ಇಟ್ಟುಕೊಳ್ಳಿ. ನಮ್ಮಲ್ಲಿ ಹಿಮ್ಮಡಿ ಒಡೆದರೆ ಹಚ್ಚುವುದು ಅದನ್ನೇ. ಅಲ್ಲಿಯ ಒಣಗಾಳಿಗೆ ತುಟಿ, ಬೆರಳ ತುದಿ ಬಿರಿಯುತ್ತವೆ, ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಕಾಲಿನ ಅಭ್ಯಾಸಕ್ಕೂ ಮನೆಯ ಸುತ್ತಲೇ ಜಾಗವಿದೆ. ನಮ್ಮ ಮನೆಗಳು ಇರುವ ರೀತಿಯನ್ನು ನೋಡಿ. ಕೆಳಗೆ ಕಣಿವೆಯಲ್ಲಿ ತೋಟ, ನಡುವೆ ಮನೆ, ಮೇಲೆ ಸೊಪ್ಪಿನ ಬೆಟ್ಟ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಸೊಪ್ಪು, ದರಕಿಗಾಗಿ ಬಿಟ್ಟುಕೊಟ್ಟ ಹಳೆಯ ಪದ್ಧತಿ ಇದೆ. ಬೇಸಿಗೆಯಲ್ಲಿ ದರಕು ಗುಡಿಸಿ ಹೊರೆ ಕಟ್ಟಿ ತರುವ ಕೆಲಸ ಇರುತ್ತದೆ. ಬೆಳಿಗ್ಗೆ ಬಿಸಿಲೇರುವ ಮುನ್ನ ಬೆನ್ನುಚೀಲಕ್ಕೆ ಐದು ಕಿಲೋ ಅಕ್ಕಿ ತುಂಬಿ ತೋಟದಿಂದ ಬೆಟ್ಟದ ನೆತ್ತಿಗೆ ಒಂದು ಸಲ ಹತ್ತಿ ಇಳಿಯಿರಿ. ವಾರ ಕಳೆದಂತೆ ಅಕ್ಕಿ ಹೆಚ್ಚಿಸಿ, ಹತ್ತುವ ಸಲ ಹೆಚ್ಚಿಸಿ. ಹತ್ತುವುದಕ್ಕಿಂತ ಇಳಿಯುವುದು ತೊಡೆಗೆ, ಮೊಣಕಾಲಿಗೆ ಕಷ್ಟ. ಇಳಿಯುವ ಅಭ್ಯಾಸವಿಲ್ಲದೆ ಹೋದವರೇ ಕೊನೆಯ ದಿನ ಕುಂಟುವುದು. ಹೊಸ ಬೂಟನ್ನು ಈ ಒಂದು ತಿಂಗಳಿನಲ್ಲೇ ಹಳೆಯದು ಮಾಡಿಕೊಳ್ಳಬೇಕು, ಸಾಂಕ್ರಿಯಲ್ಲಿ ಮೊದಲ ಸಲ ಹಾಕುವುದಲ್ಲ. ವಾರಕ್ಕೊಮ್ಮೆ ದೊಡ್ಡ ನಡಿಗೆ ಬೇಕೆಂದರೆ ಯಾಣದ ಭೈರವೇಶ್ವರ ಶಿಖರದ ಕಡೆಗೋ, ಶಾಲ್ಮಲಾ ಹೊಳೆಯಲ್ಲಿ ಬೇಸಿಗೆಗೆ ನೀರು ತಗ್ಗಿ ಲಿಂಗಗಳೆಲ್ಲ ಮೇಲೆ ಕಾಣುವ ಸಹಸ್ರಲಿಂಗಕ್ಕೋ ಹೋಗಬಹುದು. ಮನೆಯವರನ್ನೂ ಕರೆದುಕೊಂಡು ಹೋದರೆ ಬುತ್ತಿಯ ಖುಷಿಯೂ ಆಗುತ್ತದೆ.

ಚೀಲದ ಬಗ್ಗೆ ನಾಲ್ಕು ಮಾತು. ತುಂಬಿದ ಚೀಲ ನಿಮ್ಮ ತೂಕದ ಐದನೇ ಒಂದು ಪಾಲು ದಾಟಬಾರದು. 60 ಕಿಲೋ ತೂಗುವವರಿಗೆ 12 ಕಿಲೋ, ಅದೂ ನೀರು ಸೇರಿ. ಅಡಿಕೆ ತೂಗುವ ತಕ್ಕಡಿ ಮನೆಯಲ್ಲೇ ಇದೆಯಲ್ಲ, ತೂಗಿ ನೋಡಿ. ಭಾರದ ವಸ್ತುಗಳು ಬೆನ್ನಿಗೆ ತಾಗಿ, ಹೆಗಲುಗಳ ನಡುವಿನ ಎತ್ತರಕ್ಕೆ ಬರಬೇಕು. ತಳದಲ್ಲಿಟ್ಟರೆ ಚೀಲ ಹಿಂದಕ್ಕೆ ಎಳೆಯುತ್ತದೆ. ಸೊಂಟದ ಪಟ್ಟಿಯನ್ನು ಬಿಗಿದು ಭಾರವನ್ನು ಸೊಂಟದ ಎಲುಬಿಗೆ ಹೊರಿಸಿ, ಹೆಗಲಿನ ಪಟ್ಟಿ ಚೀಲವನ್ನು ಹಿಡಿದಿಡುವುದಕ್ಕೆ ಮಾತ್ರ. ಅಂಗಳದಲ್ಲಿ ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಮನೆಯವರನ್ನು ಕರೆದು ಕೂರಿಸಿ, ಒಂದೊಂದನ್ನೂ ಎತ್ತಿ ಇದು ಯಾಕೆ ಎಂದು ಅವರು ಕೇಳಲಿ. ಉತ್ತರ ತಡವರಿಸಿದರೆ ಆ ವಸ್ತು ಮನೆಯಲ್ಲೇ ಉಳಿಯಬೇಕು. ಮಳೆಗಾಲದ ಸಾಮಾನು ಪಟ್ಟಿ ಮಾಡಿ ರೂಢಿಯಿರುವ ದೊಡ್ಡಪ್ಪ, ದೊಡ್ಡಾಯಿಯರ ಕಣ್ಣಿಗೆ ಬೇಡದ್ದು ಬೇಗ ಕಾಣುತ್ತದೆ.

ಬಟ್ಟೆಯ ವಿಷಯದಲ್ಲಿ ಹತ್ತಿಯನ್ನು ಬಿಡಿ. ನಮ್ಮ ಸೆಕೆಗೆ ಹತ್ತಿಯೇ ಸುಖ, ನಿಜ. ಆದರೆ ಎತ್ತರ ಒಂದು ಕಿಲೋಮೀಟರ್ ಹೆಚ್ಚಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಬೆವರಿಗೋ ಮಳೆಗೋ ಒದ್ದೆಯಾದ ಹತ್ತಿ ಒಣಗುವುದಿಲ್ಲ, ಮೈಯ ಬಿಸಿಯನ್ನೇ ಹೀರುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಮಲೆನಾಡಿನ ಜನ ಗದ್ದೆ ನಾಟಿಗೆ ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಮಳೆಯಲ್ಲಿ ನಿಂತದ್ದು ಇದೇ ಗುಣವನ್ನು ನಂಬಿ. ತೆಳು ಉಣ್ಣೆಯ ಎರಡು ಪದರ, ಮೇಲೆ ಗಾಳಿ ಮಳೆ ತಡೆಯುವ ಒಂದು ಅಂಗಿ, ರಾತ್ರಿ ಮಲಗುವಾಗ ಹಾಕಲು ಒಂದು ಒಣ ಜೊತೆ. ಮಲಗುವ ಚೀಲ, ಡೇರೆ ಮುಂತಾದವು ಬಾಡಿಗೆಗೆ ಸಿಗುತ್ತವೆ, ಮೊದಲ ಸಲಕ್ಕೆ ಕೊಳ್ಳುವ ಅಗತ್ಯವಿಲ್ಲ.

ಎತ್ತರದ ಮಾತನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಶಿರಸಿ ಇರುವುದು ಸಮುದ್ರ ಮಟ್ಟದಿಂದ 600 ಮೀಟರ್ ಆಸುಪಾಸಿನಲ್ಲಿ. 3,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಪಾಲಿಗೆ ಇಳಿದಿರುತ್ತದೆ, ಪ್ರತಿ ಉಸಿರಿಗೂ ಅಷ್ಟೇ ಕಡಿಮೆ ಆಮ್ಲಜನಕ. ಎಷ್ಟೇ ಗಟ್ಟಿಮುಟ್ಟಾದವರಿಗೂ 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಆಗಬಹುದು. ಹೊಂದಿಕೊಳ್ಳಲು ದೇಹಕ್ಕೆ ಬೇಕಾದುದು ಸಮಯ. 3,000 ಮೀಟರ್ ಮೇಲೆ ಒಂದು ರಾತ್ರಿಗೂ ಮರುರಾತ್ರಿಗೂ ಮಲಗುವ ಎತ್ತರ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬುದು ವೈದ್ಯರು ಒಪ್ಪಿದ ನಿಯಮ. ಸಾಂಕ್ರಿ ಸುಮಾರು 1,950 ಮೀಟರ್, ಓಸ್ಲಾ ಸುಮಾರು 2,500. ಹಾಗಾಗಿ ಸಾಂಕ್ರಿಯಲ್ಲಿ ಒಂದು ರಾತ್ರಿ ಹೆಚ್ಚು ನಿಲ್ಲಿ, ಓಸ್ಲಾದಲ್ಲಿ ತಂಗಿ, ಅಲ್ಲಿಂದ ಹರ್ ಕಿ ದೂನಿಗೆ ಒಂದೇ ಜಿಗಿತಕ್ಕೆ ಹೋಗಿ ಮಲಗದೆ ನಡುವೆ ಒಂದು ಕಡೆ ತಂಗಿ. ತಲೆನೋವು ಇರುವಾಗ ಮೇಲೆ ಹತ್ತಬೇಡಿ. ನಿಂತರೂ ಕಡಿಮೆಯಾಗದಿದ್ದರೆ, ನಡಿಗೆ ತೂರಾಡಿದರೆ, ಮಲಗಿದಾಗಲೂ ಏದುಸಿರು ಬಂದರೆ ರಾತ್ರಿಯಾದರೂ ಕೆಳಗಿಳಿಸಬೇಕು. ಮಾತ್ರೆಯ ವಿಷಯವನ್ನು ಹೊರಡುವ ಮೊದಲು ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಕುಡಿಯುವ ನೀರು ತೊರೆಯದಾದರೂ ಕುದಿಸಿಯೇ ಕುಡಿಯಿರಿ. 2,000 ಮೀಟರ್ ಮೇಲೆ ಕುದಿ ಬಂದ ನಂತರ 3 ನಿಮಿಷ ಬಿಡಬೇಕು.

ದಾರಿಯಲ್ಲಿ ಸಿಗುವ ಊರುಗಳಲ್ಲಿ ಹಣ ಕೊಟ್ಟು ಉಣ್ಣಿ, ಹಣ ಕೊಟ್ಟು ತಂಗಿ. ನಿಮ್ಮ ಬುತ್ತಿ ನಡಿಗೆಯ ಹೊತ್ತಿಗೆ, ತಂಗಿದ ಕಡೆ ಅವರ ಅಡುಗೆ. ಪುರೋಲಾದ ಬಯಲಿನಲ್ಲಿ ಕೆಂಪು ಅಕ್ಕಿ ಬೆಳೆಯುತ್ತಾರೆ. ಕೆಂಪಕ್ಕಿ ಕುಚ್ಚಿಗೆ ಉಂಡು ಬೆಳೆದವರು ಅದನ್ನು ತಪ್ಪಿಸಿಕೊಳ್ಳಬಾರದು. ಅಲ್ಲಿ ಮಂಡುವಾ ಎನ್ನುವುದು ನಮ್ಮ ರಾಗಿ, ಅದರ ರೊಟ್ಟಿಗೆ ಮನೆಯ ಬೆಣ್ಣೆ ಹಾಕಿಕೊಡುತ್ತಾರೆ. ಓಸ್ಲಾದ ಕೆತ್ತನೆಯ ಮರದ ದೇವಸ್ಥಾನವನ್ನು ದುರ್ಯೋಧನನ ಗುಡಿ ಎಂದು ಹೊರಗಿನವರು ಹೇಳುತ್ತಾರೆ. ಊರವರು ಅದನ್ನು ಸೋಮೇಶ್ವರನದು ಎನ್ನುತ್ತಾರೆ. ನಾವು ಊರವರ ಮಾತನ್ನು ಗೌರವಿಸೋಣ, ಗುಡಿಯ ಅಂಗಳಕ್ಕೆ ಕಾಲಿಡುವ ಮುನ್ನ ಕೇಳೋಣ. ತಂದ ಪ್ಲಾಸ್ಟಿಕ್ಕಿನ ಒಂದು ಚೂರನ್ನೂ ಅಲ್ಲಿ ಬಿಡಬೇಡಿ. ಆ ಕಣಿವೆಯ ಸೂಪಿನ್ ನದಿ ನೈತ್ವಾರಿನಲ್ಲಿ ರೂಪಿನ್ ನದಿಯನ್ನು ಕೂಡಿ ಟೋನ್ಸ್ ಆಗುತ್ತದೆ, ಟೋನ್ಸ್ ಯಮುನೆಯನ್ನು ಸೇರುತ್ತದೆ. ಮೇಲೆ ಎಸೆದದ್ದು ಕೆಳಗಿನ ಯಾರದೋ ಕೊಡಕ್ಕೆ ಬರುತ್ತದೆ. ಅಬ್ಬಿ ನೀರು ಕುಡಿದು ಬೆಳೆದ ನಮಗೆ, ನೀರಿನ ತಲೆಯಲ್ಲಿ ಕೊಳಕು ಮಾಡಬಾರದೆಂದು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಹೊರಡುವ ಮುನ್ನ ಒಂದು ಹಾಳೆಯಲ್ಲಿ ಯಾವ ದಿನ ಎಲ್ಲಿ ತಂಗುತ್ತೀರಿ, ಯಾರ ಜೊತೆ ಹೋಗುತ್ತೀರಿ, ಯಾವ ದಿನದೊಳಗೆ ಫೋನ್ ಬಾರದಿದ್ದರೆ ಚಿಂತಿಸಬೇಕು ಎಂದು ಬರೆದು ಮನೆಯಲ್ಲಿ ಕೊಟ್ಟು ಹೋಗಿ. ಸಿಗ್ನಲ್ ಇಲ್ಲದ ದಿನಗಳು ಯಾವುವು ಎಂದು ಮೊದಲೇ ಗೊತ್ತಿದ್ದರೆ ಅಪ್ಪಯ್ಯ, ಆಯಿ ನಿಶ್ಚಿಂತೆಯಿಂದ ಇರುತ್ತಾರೆ.

ಇನ್ನೂ ಒಂದು ಮಾತು ಹೇಳಬೇಕು, ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಹಪ್ಪಳ ಒತ್ತಿ, ಹುರಿಹಿಟ್ಟು ಮಾಡಿ, ಚೀಲ ತೂಗಿ ನಮ್ಮನ್ನು ಕಳಿಸುವ ಆಯಿ ತಾನು ಎಷ್ಟು ದೂರ ಹೋಗಿದ್ದಾಳೆ? ನಮ್ಮ ಅನೇಕ ಮನೆಗಳಲ್ಲಿ ಹೆಂಗಸರ ದೂರದ ಪ್ರಯಾಣವೆಂದರೆ ಧರ್ಮಸ್ಥಳ, ಕೊಲ್ಲೂರು, ಬದುಕಿನಲ್ಲೊಮ್ಮೆ ಕಾಶಿ. ದನಕ್ಕೆ ಹುಲ್ಲು ಹಾಕುವವರಿಲ್ಲ, ದೇವರ ಪೂಜೆಗೆ ಜನ ಇಲ್ಲ ಎಂದು ಉಳಿದುಬಿಡುತ್ತಾರೆ. ಮಳೆಗಾಲದ ಕೆಲಸ ಬಹುಪಾಲು ಮುಗಿದ ಮೇ ಮಧ್ಯದಲ್ಲಿ ಅಣ್ಣನೋ ತಮ್ಮನೋ ಹದಿನೈದು ದಿನ ಮನೆ ನೋಡಿಕೊಂಡರೆ ಅವಳೂ ಬರಬಹುದು. ಸಾಂಕ್ರಿಯವರೆಗೆ ವಾಹನ ಹೋಗುತ್ತದೆ. ಆ ಎತ್ತರದಲ್ಲಿ ಆರೋಗ್ಯವಂತರಾದ ಹಿರಿಯರಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ, ಆದರೂ ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ನಿಮ್ಮ ಜೊತೆ ಬಂದವರಲ್ಲಿ ಒಬ್ಬರು ಅವಳ ಸಂಗಡ ಅಲ್ಲಿಯ ಮನೆಯೊಂದರಲ್ಲಿ ತಂಗಿದರೆ, ನೀವು ಮೇಲೆ ಹೋಗಿ ಬರುವ ತನಕ ಅವಳಿಗೂ ಕಾಲ ಸರಿಯುತ್ತದೆ. ಭಾಷೆ ಬಾರದಿದ್ದರೂ ಒಲೆಯ ಮುಂದೆ ಇಬ್ಬರು ಹೆಂಗಸರಿಗೆ ಮಾತಿಗೆ ಬರವಿಲ್ಲ. ಒಬ್ಬರು ರಾಗಿ ರೊಟ್ಟಿ ತಟ್ಟುವುದನ್ನು ಇನ್ನೊಬ್ಬರು ನೋಡುತ್ತಾರೆ, ನಮ್ಮ ಹಪ್ಪಳವನ್ನು ಅವರ ಕೆಂಡದಲ್ಲಿ ಸುಟ್ಟು ಕೊಡಬಹುದು.

ಯುಗಾದಿಯ ಹೊತ್ತಿಗೆ ಟಿಕೆಟ್ ಮಾಡಿಸುವಾಗ ಅವಳದನ್ನೂ ಸೇರಿಸಿ. ರೈಲಿನಲ್ಲಿ 45 ದಾಟಿದ ಹೆಂಗಸರಿಗೂ 60 ದಾಟಿದ ಗಂಡಸರಿಗೂ ಕೆಳಗಿನ ಬರ್ತಿನ ಕೋಟಾ ಇದೆ. ಒಂದು ಚೀಟಿಯಲ್ಲಿ ಒಬ್ಬರೋ ಇಬ್ಬರೋ ಇದ್ದರೆ ಮಾತ್ರ ಅದು ಸಿಗುತ್ತದೆ, ಆದ್ದರಿಂದ ಹಿರಿಯರ ಟಿಕೆಟ್ಟನ್ನು ಬೇರೆಯಾಗಿಯೇ ಮಾಡಿಸಿ.